ಅತ್ತೆಯ ಗೇಣು

ನಮ್ಮ ಮನೆಯ ಸೋಫಾ ಕೊಂಡು ಹನ್ನೊಂದು ವರ್ಷವಾಯಿತು. ಈಗಲೂ ಅಂಗಡಿಯಿಂದ ತಂದಿಳಿಸಿದ ದಿನದಂತೆಯೇ ಇದೆ. ಅದರ ಮೇಲೆ ಕೂತ ನಾವು ಮಾತ್ರ ಬಿಸಿಲು ಕಾಣದ ಮೊಳಕೆಗಳ ಹಾಗೆ ಬಿಳಿಚಿಕೊಂಡಿದ್ದೆವು. ಇದಕ್ಕೆಲ್ಲ ಕಾರಣ ನಮ್ಮತ್ತೆ. ಬೆಳಗಾದರೆ ಬೇರೆ ಮನೆಯವರು ಕಿಟಕಿಯ ಪರದೆ ಸರಿಸುತ್ತಾರೆ, ನಮ್ಮತ್ತೆ ಎಳೆಯುತ್ತಿದ್ದರು. ಎಳೆದು, ನಡುವೆ ಒಂದು ಸಂದು ಬಿಟ್ಟು, ಬಲಗೈಯ ಹೆಬ್ಬೆರಳನ್ನು ಒಂದು ಅಂಚಿಗೂ ಕಿರುಬೆರಳನ್ನು ಇನ್ನೊಂದು ಅಂಚಿಗೂ ಇಟ್ಟು ಅಳೆಯುತ್ತಿದ್ದರು. ಒಂದು ಗೇಣು. ಅದಕ್ಕಿಂತ ಎಳ್ಳಷ್ಟೂ ಹೆಚ್ಚು ಬಿಡುತ್ತಿರಲಿಲ್ಲ.

ಮದುವೆಯಾಗಿ ಬಂದ ಹೊಸದರಲ್ಲಿ ನಾನು ಮೂರು ಹೂಕುಂಡ ತಂದು ಆ ಕಿಟಕಿಯಲ್ಲಿಟ್ಟಿದ್ದೆ. ಮೂರೂ ಒಂದೊಂದಾಗಿ ಕಣ್ಣು ಮುಚ್ಚಿದವು. ಮೂರನೆಯದನ್ನು ಕಸಕ್ಕೆ ಹಾಕುವಾಗ ನನಗೆ ತಡೆಯಲಾಗಲಿಲ್ಲ.

"ಅತ್ತೆ, ಇದು ಮನೆನೋ, ಉಗ್ರಾಣನೋ?"

"ಬೆಳಕು ಸುಮ್ನೆ ಬಂದು ಹೋಗಲ್ಲ ಕಣೇ. ಬಂದಾಗೆಲ್ಲ ಒಂಚೂರು ಬಣ್ಣ ಎತ್ಕೊಂಡೇ ಹೋಗತ್ತೆ. ನಿಂಗೆ ಬಸ್ಸು ಗೊತ್ತು, ನಂಗೆ ಬೆಳಕು ಗೊತ್ತು. ನಾನೇನಾದ್ರೂ ಬಂದು ನಿನ್ನ ಬ್ರೇಕ್ ಮೇಲೆ ಕಾಲಿಡ್ತೀನಾ?"

ಹೌದು, ನಾನು ಸಿಟಿ ಬಸ್ ಓಡಿಸುತ್ತೇನೆ. ಊರಿನ ನಡುವಿನಿಂದ ಹೊರಟು, ಮಾರುಕಟ್ಟೆ, ಆಸ್ಪತ್ರೆ, ಕಾರ್ಖಾನೆಗಳ ಸಾಲು ಎಲ್ಲ ದಾಟಿ, ಕೊನೆಗೆ ಬಂಗಲೆ ಪಾರ್ಕಿನ ಗೇಟಿನ ಮುಂದೆ ನಿಲ್ಲುವ ಬಸ್ಸು. ಆ ಗೇಟಿನ ಒಳಗೆ ಮುನ್ನೂರು ಎಕರೆ ಮರ, ಹುಲ್ಲು, ಒಂದು ಕೆರೆ, ನಡುವೆ ಎಂದೋ ಯಾರೋ ಸಿರಿವಂತರು ಕಟ್ಟಿಸಿದ ಬಂಗಲೆ. ನಮ್ಮತ್ತೆ ಅಲ್ಲಿ ಕೆಲಸಕ್ಕಿದ್ದಾರೆ. ಅಲ್ಲಿನವರೆಲ್ಲ ಅವರನ್ನು ಕರೆಯುವುದು ಕಿಟಕಿ ಅಮ್ಮ ಅಂತ. ಆರು ವರ್ಷ ದಿನಕ್ಕೆ ಎಂಟು ಸಲ ಗೇಟಿನವರೆಗೆ ಹೋಗಿ ಬಸ್ಸು ತಿರುಗಿಸಿಕೊಂಡು ಬಂದಿರುವ ನಾನು ಒಳಗೆ ಕಾಲಿಟ್ಟಿರಲಿಲ್ಲ. ಅತ್ತೆಯ ಮನೆಯಲ್ಲಿರುವ ಕತ್ತಲೆ ಸಾಲದು ಅಂತ ಅತ್ತೆಯ ಆಫೀಸಿನ ಕತ್ತಲೆಯನ್ನೂ ನೋಡಲು ಟಿಕೆಟ್ ಕೊಳ್ಳಬೇಕೇ ಎಂಬುದು ನನ್ನ ವಾದವಾಗಿತ್ತು.

ಅತ್ತೆಯ ಕೆಲಸ ಕೇಳಲು ಬಹಳ ಸಣ್ಣದು. ಬಂಗಲೆಯಲ್ಲಿ ಐವತ್ತೆರಡು ಕಿಟಕಿಗಳಿವೆ, ಒಂದೊಂದಕ್ಕೂ ಆಳೆತ್ತರದ ಮರದ ಕದಗಳು. ಹಳೆಯ ಪರದೆ, ಕುರ್ಚಿಯ ಬಟ್ಟೆ, ಚಿತ್ರಗಳು ಬೆಳಕಿಗೆ ಮಾಸುತ್ತವೆ ಎಂದು ಒಂದೊಂದು ಕೋಣೆಗೆ ವರ್ಷಕ್ಕೆ ಇಷ್ಟೇ ಬೆಳಕು ಎಂಬ ಲೆಕ್ಕವಿದೆ. ಅದರಂತೆ ಬೆಳಗ್ಗೆ ಕದ ತೆರೆಯಬೇಕು, ಬಿಸಿಲು ತಿರುಗಿದ ಹಾಗೆ ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ತೆರೆಯಬೇಕು, ಸಂಜೆ ಎಲ್ಲ ಮುಚ್ಚಿ ಕಿಟಕಿ ಪುಸ್ತಕದಲ್ಲಿ ಬರೆಯಬೇಕು. ಹತ್ತೊಂಬತ್ತು ವರ್ಷ ಅತ್ತೆ ಇದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ್ದಾರೆ. ಜ್ವರ ಬಂದ ದಿನವೂ ಹೋಗಿದ್ದಾರೆ. ಒಮ್ಮೆ ನನ್ನ ಬಸ್ಸು ಕೆಟ್ಟು ನಿಂತಾಗ, ಸೊಸೆಯ ಕಡೆ ತಿರುಗಿಯೂ ನೋಡದೆ ಇಳಿದು ಎರಡು ಮೈಲಿ ನಡೆದುಬಿಟ್ಟಿದ್ದರು.

ಅವರಿಗೆ ಕೆಲಸ ಕಲಿಸಿದ್ದು ಕಿಟಕಿ ತಾತ. ನಿವೃತ್ತಿಯ ಹಿಂದಿನ ದಿನ ಆತ ಅತ್ತೆಯನ್ನು ಕೋಣೆಯಿಂದ ಕೋಣೆಗೆ ಕರೆದೊಯ್ದು, ಕದದ ಸಂದಿಗೆ ತನ್ನ ಕೈ ಅಗಲಿಸಿ ಹಿಡಿದು, "ಈ ಕೋಣೆಗೆ ಎರಡು ಗೇಣು, ಇಲ್ಲಿ ಒಂದೂವರೆ, ಹಕ್ಕಿ ಕೋಣೆಗೆ ಒಂದೇ ಒಂದು ಗೇಣು. ಅಳತೆ ಟೇಪು ಹಿಡ್ಕೊಂಡು ಓಡಾಡ್ಬೇಡ, ಕಳೆದುಹೋಗತ್ತೆ. ಕೈ ಕಳೆಯಲ್ಲ" ಎಂದನಂತೆ. ಅತ್ತೆಗೆ ಆ ಮಾತು ಬಹಳ ಹಿಡಿಸಿತು. ಅಂದಿನಿಂದ ಅವರ ಕೈ ಕಳೆಯಲೂ ಇಲ್ಲ, ಅಳೆಯುವುದನ್ನು ಬಿಡಲೂ ಇಲ್ಲ.

ಇಷ್ಟರಲ್ಲೇ ಮುಗಿದಿದ್ದರೆ ನಾನು ಸೋಫಾದ ಮೇಲೆ ಗೊಣಗಿಕೊಂಡು ಇದ್ದುಬಿಡುತ್ತಿದ್ದೆ. ಆದರೆ ಹೋದ ವರ್ಷ ದೊಡ್ಡತ್ತೆ ನಮ್ಮ ಮನೆಗೆ ಬಂದರು.

ದೊಡ್ಡತ್ತೆ ಎಂದರೆ ನಮ್ಮತ್ತೆಯ ಅಕ್ಕ. ಮದುವೆಯಾಗಲಿಲ್ಲ, ಯಾರ ಹಂಗಿನಲ್ಲೂ ಇರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ಒಂದು ಕೋಣೆ ಮಾಡಿಕೊಂಡು ಕಸೂತಿ ಮಾಡಿ ಬದುಕಿದವರು. ಚಿಕ್ಕಂದಿನಲ್ಲೇ ಜಡ್ಡು ಬಂದು ಎಡಗಣ್ಣು ಹೋಗಿತ್ತು. ಅಷ್ಟೂ ಹೊಲಿಗೆ ಹೊಲಿದದ್ದು ಬಲಗಣ್ಣೊಂದರಿಂದಲೇ. ಈಗ ಅದಕ್ಕೂ ಪೊರೆ ಬಂದು ಬಲಿತಿತ್ತು. ಒಂದು ದಿನ ಒಲೆ ಹಚ್ಚುವಾಗ ಕೈ ಸುಟ್ಟುಕೊಂಡರು. ನನ್ನವರು ಹೋಗಿ ಜಗಳವಾಡಿಯೇ ಕರೆದುಕೊಂಡು ಬಂದರು. ಬರುವಾಗ ತಂದದ್ದು ಎರಡು ಬ್ಯಾಗು ಬಟ್ಟೆ ಮತ್ತು ಒಂದು ತಗಡಿನ ಡಬ್ಬಿ. ಡಬ್ಬಿಯಲ್ಲಿ ಸೂಜಿಗಳು, ನೂಲುಗಳು. ಅದನ್ನು ಯಾರೂ ಮುಟ್ಟುವಂತಿಲ್ಲ.

ಅರವತ್ತು ದಾಟಿದ ನಮ್ಮತ್ತೆಯನ್ನು ಅವರು ಕರೆಯುವುದು ಪುಟ್ಟಿ ಎಂದು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನಮ್ಮತ್ತೆ, ಅಕ್ಕ ಪುಟ್ಟಿ ಎಂದ ಕೂಡಲೇ ಸ್ಕೂಲು ಮಗುವಿನ ಹಾಗೆ ಹೋಗಿ ಎದುರಿಗೆ ನಿಲ್ಲುವುದನ್ನು ನೋಡುವುದೇ ನನಗೊಂದು ಹಬ್ಬ.

ದೊಡ್ಡತ್ತೆ ಬಂದ ವಾರವೇ ನಮ್ಮ ಮೇಜಿಗೆ ಮೂರು ಸಲ ಮೊಣಕಾಲು ಹೊಡೆಸಿಕೊಂಡರು. ನಮ್ಮತ್ತೆ ಮೇಜನ್ನು ಬೇರೆ ಮೂಲೆಗೆ ಸರಿಸಿದರು. ಪರದೆ ಸರಿಸಲಿಲ್ಲ. ಆಮೇಲೆ ದೊಡ್ಡತ್ತೆ ದಿನವಿಡೀ ಹೊರಗೆ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ, ಅಲ್ಲಿನ ದೊಡ್ಡ ಗಾಜಿನ ಕಿಟಕಿಯ ಕೆಳಗೆ ಹೋಗಿ ಕೂರತೊಡಗಿದರು. "ಅಕ್ಕನಿಗೆ ಹೋಗಿ ಬರೋರ ಜೊತೆ ಮಾತಾಡೋ ಚಪಲ" ಎಂದರು ನಮ್ಮತ್ತೆ. ನಾನೂ ಹಾಗೇ ಅಂದುಕೊಂಡೆ. ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಕಣ್ಣಿನ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರು. ಪೊರೆ ತೆಗೆದರೆ ಕಾಣಬಹುದು, ಬಹಳ ಬಲಿತಿರುವುದರಿಂದ ಖಾತ್ರಿ ಕೊಡಲಾಗದು, ತಡ ಮಾಡಿದರೆ ಇನ್ನೂ ಕಷ್ಟ. ಇರುವುದು ಒಂದೇ ಕಣ್ಣು. ದೊಡ್ಡತ್ತೆ ಎರಡು ತಿಂಗಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೊನೆಗೆ ಒಂದು ದಿನ ತಾವಾಗಿಯೇ ಹೇಳಿದರು.

"ಮಾಡಿಸ್ಕೋತೀನಿ. ಆದ್ರೆ ಅದಕ್ಕೆ ಮುಂಚೆ ನನ್ನ ಹಕ್ಕಿನ ಒಂದ್ಸಲ ನೋಡ್ಬೇಕು. ಆಮೇಲೆ ಕಣ್ಣು ಬಂದ್ರೂ ಸರಿ, ಹೋದ್ರೂ ಸರಿ."

ಯಾವ ಹಕ್ಕಿ ಎಂದು ನಾನು ಬಾಯಿ ಬಿಟ್ಟೆ. ಆಗ ಗೊತ್ತಾಯಿತು. ಬಂಗಲೆಯ ಹಕ್ಕಿ ಕೋಣೆಯ ಗೋಡೆಗಳಿಗೆ ಹೊದಿಸಿರುವುದು ನೀಲಿ ರೇಷ್ಮೆ, ಅದರ ತುಂಬ ಕಸೂತಿಯ ಹಕ್ಕಿಗಳು. ಮೂವತ್ತೆಂಟು ವರ್ಷದ ಹಿಂದೆ ಆ ರೇಷ್ಮೆ ಹರಿದು ಜೋತುಬಿದ್ದಾಗ, ಇಳಿಸಿ ರಿಪೇರಿಗೆ ಕೊಟ್ಟದ್ದು ದೊಡ್ಡತ್ತೆ ಕೆಲಸ ಮಾಡುತ್ತಿದ್ದ ಕಾರ್ಖಾನೆಗೆ. ಉಳಿದ ಹಕ್ಕಿಗಳಿಗೆ ಅಲ್ಲಿ ಇಲ್ಲಿ ತೇಪೆ ಸಾಕಾಗಿತ್ತು. ಒಂದು ಮಾತ್ರ ಪೂರ್ತಿ ಹಾಳಾಗಿತ್ತು. ಅದನ್ನು ಕೊಕ್ಕಿನಿಂದ ಬಾಲದವರೆಗೆ ಹೊಸದಾಗಿ ಹೊಲಿದವರು ದೊಡ್ಡತ್ತೆ. ನಾಲ್ಕು ತಿಂಗಳು ಹಿಡಿಯಿತು. ಕುತ್ತಿಗೆಯ ನೀಲಿಗೇ ಏಳು ಬಗೆಯ ನೂಲು. ರೇಷ್ಮೆಯನ್ನು ಮತ್ತೆ ಗೋಡೆಗೆ ಏರಿಸಿದ ದಿನ ಬಂಗಲೆಯಲ್ಲಿ ದೊಡ್ಡ ಸಮಾರಂಭ ನಡೆಯಿತು. ಸೂಜಿ ಹಿಡಿದವರನ್ನು ಯಾರೂ ಕರೆಯಲಿಲ್ಲ.

"ಕರೀಲಿಲ್ಲ ಅಂದ್ರೆ ಟಿಕೆಟ್ ತಗೊಂಡು ಹೋಗ್ಬಹುದಿತ್ತಲ್ಲ ದೊಡ್ಡತ್ತೆ?" ಎಂದೆ.

"ನಾನು ಮಾಡಿದ್ದನ್ನ ನೋಡೋಕೆ ನಾನು ಟಿಕೆಟ್ ತಗೋಬೇಕಾ?" ಎಂದರು. ಮೂವತ್ತೆಂಟು ವರ್ಷದ ಸಿಟ್ಟು ಇನ್ನೂ ಬಿಸಿಯಾಗಿಯೇ ಇತ್ತು.

ತಂಗಿ ಅದೇ ಕೋಣೆಯ ಕಿಟಕಿ ಕಾಯುತ್ತಿದ್ದರೂ ಅಕ್ಕ ಬಂದಿರಲಿಲ್ಲ. ಕರೆದು ಕರೆದು ಸಾಕಾಗಿ ತಂಗಿಯೂ ಕೈಬಿಟ್ಟಿದ್ದರು. ಈಗ ಅಕ್ಕನೇ ಕೇಳಿದಾಗ ನಮ್ಮತ್ತೆಯ ಮುಖ ಊರಗಲವಾಯಿತು. ಮುಂದಿನ ತಿಂಗಳ ಮೊದಲ ಗುರುವಾರಕ್ಕೆ ಆಪರೇಷನ್ ಗೊತ್ತಾಯಿತು. ಅದಕ್ಕೆ ಹನ್ನೊಂದು ದಿನ ಮುಂಚಿನ ಭಾನುವಾರ ನಾವು ಮೂವರೂ ಹೊರಟೆವು.

ನಾನು ರಜೆ ಹಾಕಿದ್ದೆ. ನನ್ನದೇ ಬಸ್ಸಿನಲ್ಲಿ ಪ್ರಯಾಣಿಕಳಾಗಿ ಕೂತರೆ ಕಾಲು ಸುಮ್ಮನಿರುವುದಿಲ್ಲ. ತಿರುವು ಬಂದಾಗೆಲ್ಲ ಇಲ್ಲದ ಬ್ರೇಕನ್ನು ಒತ್ತುತ್ತಿದ್ದೆ. ನಮ್ಮತ್ತೆ ತಮ್ಮ ನೌಕರಿಯ ಚೀಟಿ ತೋರಿಸದೆ, ಗೇಟಿನಲ್ಲಿ ಸಾಲಿನಲ್ಲಿ ನಿಂತು ಮೂರು ಟಿಕೆಟ್ ಕೊಂಡು, ಅಕ್ಕನಿಗೆ ಕೇಳಿಸುವಂತೆ "ಟಿಕೆಟ್ ನಾನು ತಗೊಂಡೆ, ನೀನಲ್ಲ" ಎಂದರು.

ಪಾರ್ಕು ನಾನಂದುಕೊಂಡ ಹಾಗಿರಲಿಲ್ಲ, ಒಪ್ಪಿಕೊಳ್ಳಬೇಕು. ಗೇಟಿನಿಂದ ಬಂಗಲೆಯವರೆಗೆ ಒಂದು ಮೈಲಿ ರಸ್ತೆ. ಎರಡೂ ಬದಿ ಮೂವರು ತಬ್ಬಿದರೂ ಹಿಡಿಗೆ ಸಿಗದ ಮರಗಳು. ಹುಲ್ಲು ಕೊಯ್ದ ಹಸಿ ವಾಸನೆ. ಜನ ಚಾಪೆ ಹಾಸಿ ಮಲಗಿದ್ದಾರೆ, ಯಾರೋ ಮುದುಕ ಪೇಪರ್ ಮುಖದ ಮೇಲೆ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದಾನೆ. ದೊಡ್ಡತ್ತೆ ನಮ್ಮಿಬ್ಬರ ಮೊಣಕೈ ಹಿಡಿದು ನಡೆಯುತ್ತಿದ್ದರು. ಒಂದು ಕಡೆ ನಿಂತು, "ಅಲ್ಲಿ ನೀರಿದೆಯಾ? ಹೊಳೀತಾ ಇದೆ" ಎಂದರು. ಕೆರೆ. ಇನ್ನೊಂದು ಕಡೆ ಮಕ್ಕಳು ಒದ್ದ ಚೆಂಡು ಕಾಲ ಬಳಿ ಬಂದು ಬಿತ್ತು. "ಕೆಂಪು!" ಎಂದರು ದೊಡ್ಡತ್ತೆ, ಲಾಟರಿ ಹೊಡೆದವರ ಹಾಗೆ. ಬಿಸಿಲಿನಲ್ಲಿ ಅವರಿಗೆ ಅಷ್ಟು ಕಾಣುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಮಗೆ ಮೂವರಿಗೂ ಸಂತೋಷವಾಯಿತು. ಆ ಸಂತೋಷದಲ್ಲೇ ಬಂಗಲೆ ಹತ್ತಿದೆವು.

ಹಕ್ಕಿ ಕೋಣೆಗೆ ಕಾಲಿಟ್ಟಾಗ ನನಗೇ ಏನೂ ಕಾಣಲಿಲ್ಲ. ಸುಡುಬಿಸಿಲಿನಿಂದ ಬಂದ ಕಣ್ಣು. ಮೂರು ಕಿಟಕಿಗಳ ಕದಗಳ ನಡುವೆ ಒಂದೊಂದು ಗೇಣಿನ ಸಂದು, ಅಷ್ಟೇ ಬೆಳಕು. ಸ್ವಲ್ಪ ಹೊತ್ತಿನ ಮೇಲೆ ಗೋಡೆಗಳು ಮೆಲ್ಲಗೆ ನೀಲಿಯಾದವು, ರೆಕ್ಕೆಗಳು ಕಾಣಿಸಿಕೊಂಡವು. ನಿಜಕ್ಕೂ ಉಸಿರು ಹಿಡಿಯುವಂತಿತ್ತು. ದೊಡ್ಡತ್ತೆಯ ಹಕ್ಕಿ ಇದ್ದದ್ದು ಎರಡು ಕಿಟಕಿಗಳ ನಡುವಿನ ಗೋಡೆಯಲ್ಲಿ, ಕೋಣೆಯಲ್ಲೇ ಅತ್ಯಂತ ಕತ್ತಲೆಯ ಜಾಗದಲ್ಲಿ. ನಮ್ಮತ್ತೆ ಅಕ್ಕನನ್ನು ಅದರ ಮುಂದೆ ನಿಲ್ಲಿಸಿ, "ನೋಡು" ಎಂದರು. ಅಷ್ಟರಲ್ಲಿ ಒಂದು ದೊಡ್ಡ ಗುಂಪು ನುಗ್ಗಿತು. ಯಾರೋ ನಮ್ಮತ್ತೆಯನ್ನು ಗುರುತು ಹಿಡಿದು ಏನೋ ಕೇಳಿದರು, ತಳ್ಳಾಟದಲ್ಲಿ ನಾನೂ ಪಕ್ಕಕ್ಕೆ ಸರಿದೆ. ತಿರುಗಿ ನೋಡಿದಾಗ ದೊಡ್ಡತ್ತೆ ಮುಖವೆತ್ತಿ ನಿಂತು ಮಾತಾಡುತ್ತಿದ್ದರು.

"ಚೆನ್ನಾಗಿ ಉಳಿದಿದೆ ಕಣೇ ಪುಟ್ಟಿ. ಕುತ್ತಿಗೆ ಬಣ್ಣ ನೋಡು, ಹಾಗೇ ಇದೆ."

ಅವರ ಎದುರಿಗೆ ಇದ್ದದ್ದು ಒಂದು ಮರದ ಬೀರು.

ನಾನು ನೋಡಿದೆ. ನಮ್ಮತ್ತೆಯೂ ನೋಡಿದರು. ನಮ್ಮತ್ತೆ ಹತ್ತಿರ ಹೋಗಿ, ಅಕ್ಕನ ಕೈ ಹಿಡಿದು, "ಹೌದಕ್ಕ, ಹಾಗೇ ಇದೆ" ಎಂದರು. ನಾನೂ ಹೌದೆಂದೆ. ತಂದಿದ್ದ ಊಟದ ಡಬ್ಬಿಯನ್ನು ತೆರೆಯದೆ ವಾಪಸ್ ಬಂದೆವು.

ಬಸ್ಸಿನಲ್ಲಿ ದೊಡ್ಡತ್ತೆಯೇ ಬಾಯಿ ಬಿಟ್ಟರು.

"ಅದು ಬೀರು ಅಂತ ಆಮೇಲೆ ಗೊತ್ತಾಯ್ತು. ಪಾಲಿಶ್ ವಾಸನೆ ಬಂತು."

"ಅಕ್ಕ..."

"ನೀನು ನಿಲ್ಲಿಸಿದ ಕಡೆ ಮೊದಲು ನೋಡ್ದೆ ಪುಟ್ಟಿ. ಬರೀ ಬೂದಿ ಬಣ್ಣ. ಅದೂ ಮಾಸಿದೆ, ನಾನೂ ಮಾಸಿದ್ದೀನಿ. ಹೋಗ್ಲಿ ಬಿಡು. ಡಾಕ್ಟರಿಗೆ ಬರಲ್ಲ ಅಂತ ಹೇಳ್ಬಿಡಿ. ಇರೋ ಒಂಚೂರು ಬೆಳಕನ್ನ ಕತ್ತರಿಗೆ ಕೊಟ್ಟು ಕೂರೋ ಧೈರ್ಯ ನಂಗಿಲ್ಲ. ಏನು ನೋಡ್ಬೇಕು ಅಂತ ಮಾಡಿಸ್ಕೊಳ್ಲಿ?"

ಮನೆಗೆ ಬಂದ ಕೂಡಲೇ ನಮ್ಮತ್ತೆ ಚಪ್ಪಲಿಯನ್ನೂ ಬಿಡದೆ ಒಳಗೆ ಹೋಗಿ ಪರದೆಗಳನ್ನು ಎರಡೂ ಕಡೆಗೆ ಪೂರ್ತಿ ಎಳೆದುಬಿಟ್ಟರು. ಸಂಜೆಯ ಬಿಸಿಲು ಸೋಫಾದ ಮೇಲೆ ಬಂದು ಕೂತಿತು. ಎಂಟು ವರ್ಷದಿಂದ ಆ ಕ್ಷಣಕ್ಕೆಂದು ಕೂಡಿಟ್ಟುಕೊಂಡಿದ್ದ ಚುಚ್ಚುಮಾತುಗಳು ನನ್ನ ಹತ್ತಿರ ಬೇಕಾದಷ್ಟಿದ್ದವು. ಒಂದೂ ಬಾಯಿಗೆ ಬರಲಿಲ್ಲ.

"ಕತ್ತಲೇಲಿ ಕೆಲಸ ಮಾಡಿ ಮಾಡಿ ನಂಗೆ ಕತ್ತಲೇಲೂ ಕಾಣತ್ತೆ ಕಣೇ" ಎಂದರು ಅತ್ತೆ. "ಎಲ್ಲರಿಗೂ ಕಾಣತ್ತೆ ಅಂದ್ಕೊಂಡಿದ್ದೆ. ಮನೇಲೇ ಮೊಣಕಾಲು ಹೊಡ್ಕೋತಿದ್ಲಲ್ಲ ನಮ್ಮಕ್ಕ. ನಾನು ಮೇಜು ಸರಿಸ್ದೆ!" ಹೇಳುತ್ತಲೇ ಅತ್ತುಬಿಟ್ಟರು. ನಾನೂ ಅತ್ತೆ.

ಮಾರನೆಯ ದಿನ ಸೋಮವಾರ, ಬಂಗಲೆಗೆ ರಜೆ. ಮಂಗಳವಾರ ಅತ್ತೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಅತ್ತೆ ಹೇಳಿದ್ದನ್ನೂ ಮೀಟರ್ ಮೇಡಂ ಹೇಳಿದ್ದನ್ನೂ ಸೇರಿಸಿ ಹೇಳುತ್ತಿದ್ದೇನೆ. ಮೀಟರ್ ಮೇಡಂ ಎಂದರೆ ಬಂಗಲೆಗೆ ನಾಲ್ಕು ತಿಂಗಳ ಹಿಂದೆ ಬಂದ ಮೇಲಧಿಕಾರಿ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಎಲ್ಲಿ ಹೋದರೂ ಬೆಳಕು ಅಳೆಯುವ ಮೀಟರ್ ಕೈಯಲ್ಲಿರುತ್ತದೆ. ಅತ್ತೆಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೆ. ಹತ್ತೊಂಬತ್ತು ವರ್ಷ ಯಾರೂ ಅಳೆಯದ ಕಡೆ ಈ ಹುಡುಗಿ ಬಂದು ಅಳೆಯುವುದೆಂದರೆ ಏನರ್ಥ?

ಅಂಥವರ ಮುಂದೆ ಹೋಗಿ ನಿಂತು ಅತ್ತೆ ಕೇಳಿದರು: "ಮೇಡಂ, ಹಕ್ಕಿ ಕೋಣೆ ಕದಗಳನ್ನ ಒಂದು ಗಂಟೆ ಪೂರ್ತಿ ತೆರೀಬೇಕು. ಬೇಕಾದ್ರೆ ಆಮೇಲೆ ಒಂದು ವಾರ ಕೋಣೆಗೆ ಬೀಗ ಹಾಕಿ. ನನ್ನನ್ನ ಕೆಲಸದಿಂದ ತೆಗೆದ್ರೂ ಪರವಾಗಿಲ್ಲ."

ಮೇಡಂ ವಿಷಯ ಪೂರ್ತಿ ಕೇಳಿದರು. ಕೇಳಿ, ತಲೆ ಅಲ್ಲಾಡಿಸಿದರು.

"ಅಮ್ಮಾ, ನನಗೆ ಅರ್ಥ ಆಗತ್ತೆ. ಆದ್ರೆ ಒಬ್ರಿಗೆ ಅಂತ ತೆರೆದ್ರೆ ನಾಳೆ ಇನ್ನೊಬ್ರು ಬರ್ತಾರೆ. ಈ ವರ್ಷದ ಬೆಳಕು ಎಷ್ಟು ಉಳಿದಿದೆ ಅಂತಾನೂ ನಂಗೆ ಗೊತ್ತಿಲ್ಲ. ಆ ಕೋಣೇಲಿ ಇಟ್ಟ ಮೀಟರ್ ಬೇರೆ ಕೆಟ್ಟಿದೆ."

"ಕೆಟ್ಟಿದೆಯಾ?"

"ತೋರಿಸ್ಬೇಕಾದ್ದಕ್ಕಿಂತ ತುಂಬ ಕಮ್ಮಿ ತೋರಿಸ್ತಿದೆ. ರಿಪೇರಿಗೆ ಕಳಿಸ್ದೆ, ಸರಿ ಇದೆ ಅಂತ ವಾಪಸ್ ಬಂತು. ಮತ್ತೆ ಇಟ್ಟೆ, ಮತ್ತೆ ಅದೇ."

ಅತ್ತೆಗೆ ರೋಷ ಬಂತು. "ಮೀಟರ್ ಕೆಡಬಹುದು ಮೇಡಂ, ನನ್ನ ಕೈ ಕೆಡಲ್ಲ. ಬನ್ನಿ ತೋರಿಸ್ತೀನಿ" ಎಂದು ಅವರನ್ನು ಎಳೆದುಕೊಂಡೇ ಹಕ್ಕಿ ಕೋಣೆಗೆ ಹೋದರು. ಕದದ ಸಂದಿಗೆ ಕೈ ಅಗಲಿಸಿ ಹಿಡಿದರು. "ನೋಡಿ. ಒಂದು ಗೇಣು. ಕಿಟಕಿ ತಾತ ಹೇಳಿಕೊಟ್ಟ ಹಾಗೆ."

ಮೇಡಂ ಆ ಕೈಯನ್ನು ನೋಡಿದರು. ನಮ್ಮತ್ತೆ ಕುಳ್ಳಗೆ, ಕೈಯೂ ಪುಟ್ಟದು. ಬಳೆ ಅಂಗಡಿಯವರು ಮಕ್ಕಳ ಅಳತೆಯ ಡಬ್ಬ ತೆಗೆಯುವಂಥ ಕೈ. ಮೇಡಂ ಜೇಬಿನಿಂದ ಟೇಪು ತೆಗೆದು ಸಂದನ್ನು ಅಳೆದರು. ಆರೂವರೆ ಅಂಗುಲ.

"ಅಮ್ಮಾ, ಆ ತಾತನ ಕೈ ಹೇಗಿತ್ತು?"

ಅತ್ತೆ ನೆನಪು ಮಾಡಿಕೊಂಡರು. ಆರಡಿ ಮೇಲಿನ ಆಸಾಮಿ. ಟೀ ಲೋಟ ಹಿಡಿದರೆ ಲೋಟವೇ ಕಾಣದಂಥ ಕೈ. ಮೇಡಂ ಹೋಗಿ ಹಳೆಯ ಫೈಲ್ ತಂದರು. ಅದರಲ್ಲಿ ಬರೆದಿತ್ತು: ಹಕ್ಕಿ ಕೋಣೆ, ಪ್ರತಿ ಕಿಟಕಿಗೆ ಒಂಬತ್ತು ಅಂಗುಲ.

ಮೇಡಂ ಮೊದಲು ಬಾಯಿಗೆ ಕೈ ಅಡ್ಡ ಹಿಡಿದರು, ಆಮೇಲೆ ಆಗದೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ನಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಹತ್ತೊಂಬತ್ತು ವರ್ಷ ಜನರ ಪಾಲಿನ ಬೆಳಕು ನಾನು ತಿಂದ್ಬಿಟ್ನಾ?"

"ತಿಂದಿಲ್ಲಮ್ಮ, ಉಳಿಸಿದ್ದೀರ" ಎಂದು ಮೇಡಂ ಪಕ್ಕದಲ್ಲೇ ಕೂತರಂತೆ. "ನೋಡೋಕೆ ಬಂದವರಿಗೆ ಸ್ವಲ್ಪ ಕಮ್ಮಿ ಕಾಣಿಸಿದೆ, ಅದು ನಿಜ. ನಾಳೆಯಿಂದ ಟೇಪಲ್ಲೇ ಅಳೀಬೇಕು. ಆದ್ರೆ ಈ ರೇಷ್ಮೆಗೆ ಸಿಗಬೇಕಾದ ಬೆಳಕಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹಾಗೇ ಉಳಿದಿದೆ. ವರ್ಷ ವರ್ಷವೂ. ಅದರಲ್ಲಿ ಒಂದು ಗಂಟೆ ನಿಮ್ಮಕ್ಕನಿಗೆ ಕೊಡೋದು ಏನು ದೊಡ್ಡ ವಿಷಯ? ಸೋಮವಾರ ಬಂಗಲೆ ರಜೆ. ಕರ್ಕೊಂಡು ಬನ್ನಿ."

ಅಂದು ಸಂಜೆ ಅತ್ತೆ ಮನೆಗೆ ಬಂದವರೇ ನಮ್ಮೆಲ್ಲರ ಕೈಯನ್ನು ಮೇಜಿನ ಮೇಲೆ ಇಡಿಸಿ ಅಳೆದರು. ನನ್ನದು ಏಳೂವರೆ. ನನ್ನವರದು ಸರಿಯಾಗಿ ಒಂಬತ್ತು. "ಈ ಕೈ ನನ್ನ ಕಣ್ಣೆದುರಿಗೇ ಇತ್ತು" ಎಂದು ಮಗನ ಅಂಗೈಗೆ ಒಂದು ಪೆಟ್ಟು ಕೊಟ್ಟರು. ಪಾಪ, ಅವರು ಏನೂ ಮಾಡಿರಲಿಲ್ಲ.

ದೊಡ್ಡತ್ತೆಯನ್ನು ಹೊರಡಿಸಲು ಸಾಕುಸಾಕಾಯಿತು. "ಬೂದಿ ನೋಡೋಕೆ ಎರಡೆರಡು ಸಲ ಯಾಕೆ?" ಎಂದು ಪಟ್ಟು ಹಿಡಿದು ಕೂತರು. ಕೊನೆಗೆ ನಾನು, "ದೊಡ್ಡತ್ತೆ, ಈ ಸಲ ಟಿಕೆಟ್ ಇಲ್ಲ. ಬಂಗಲೆಯ ಮೇಡಂ ತಾವಾಗೇ ನಿಮ್ಮನ್ನ ಕರೆದಿದ್ದಾರೆ" ಎಂದೆ. ದೊಡ್ಡತ್ತೆ, "ಕರೆದ್ರಾ?" ಎಂದು ಕೇಳಿ, ಎದ್ದು ತಲೆ ಬಾಚಿಕೊಂಡರು. ತಗಡಿನ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡರು.

ಸೋಮವಾರ, ಆಪರೇಷನ್ನಿಗೆ ಮೂರು ದಿನ ಇತ್ತು. ಆಸ್ಪತ್ರೆಗೆ ಬರುವುದಿಲ್ಲ ಎಂದು ನಾವಿನ್ನೂ ಹೇಳಿರಲಿಲ್ಲ. ನಾನೇ ಬೇಕೆಂದು ಮುಂದೂಡಿದ್ದೆ. ಜನರಿಲ್ಲದ ಪಾರ್ಕಿನಲ್ಲಿ ನಮ್ಮ ಹೆಜ್ಜೆ ಸದ್ದು ನಮಗೇ ಕೇಳುತ್ತಿತ್ತು. ಮೀಟರ್ ಮೇಡಂ ಬಾಗಿಲಲ್ಲೇ ನಿಂತಿದ್ದರು. ದೊಡ್ಡತ್ತೆಯ ಕೈ ಹಿಡಿದು, "ನೀವು ಆವತ್ತೇ ಬರಬೇಕಿತ್ತು ಅಮ್ಮ. ಕರೀದೇ ಇದ್ದದ್ದು ನಮ್ಮ ತಪ್ಪು" ಎಂದರು. ಆ ಸಮಾರಂಭ ನಡೆದಾಗ ಈ ಹೆಣ್ಣುಮಗಳು ಹುಟ್ಟಿಯೂ ಇರಲಿಲ್ಲ. ಅವತ್ತಿನಿಂದ ಅವರ ಮೇಲೆ ನನಗೆ ಬಹಳ ಗೌರವ.

ದೊಡ್ಡತ್ತೆಯನ್ನು ಹಕ್ಕಿಯ ಎದುರಿಗೆ ಕುರ್ಚಿ ಹಾಕಿ ಕೂರಿಸಿದೆವು. ಗೋಡೆ ಒಂದು ಮೊಳದ ದೂರ. ಎರಡೂ ಬದಿಯ ಕಿಟಕಿಗಳ ಬೆಳಕನ್ನು ಹಿಡಿದು ಗೋಡೆಗೆ ಬೀಳಿಸಲು ಮೇಡಂ ಒಂದು ಬಿಳಿಯ ಹಲಗೆ ಹಿಡಿದು ನಿಂತರು. ನಮ್ಮತ್ತೆ ಒಂದೊಂದೇ ಕದವನ್ನು ತೆರೆದರು. ಹತ್ತೊಂಬತ್ತು ವರ್ಷದ ಅಭ್ಯಾಸ, ಪ್ರತಿ ಸಲ ಒಂದು ಗೇಣಿಗೆ ಬಂದು ನಿಂತು, ಆಮೇಲೆ ಮತ್ತೆ ತಳ್ಳಿದರು. ಕದಗಳು ಗೋಡೆಗೆ ತಾಗುವವರೆಗೂ ತೆರೆದವು. ಆ ಕೋಣೆ ಅಷ್ಟು ನೀಲಿ ಎಂದು ನನಗೆ ಗೊತ್ತಿರಲಿಲ್ಲ. ಅತ್ತೆಗೂ ಗೊತ್ತಿರಲಿಲ್ಲ. ಅವರು ಬಾಯಿ ತೆರೆದು ಸುತ್ತಲೂ ನೋಡುತ್ತಾ ನಿಂತುಬಿಟ್ಟರು.

ದೊಡ್ಡತ್ತೆ ಮುಖವನ್ನು ಬಟ್ಟೆಗೆ ತಾಗುವಷ್ಟು ಹತ್ತಿರ ತಂದು, ಕೊಕ್ಕಿನಿಂದ ಶುರು ಮಾಡಿ, ಇಂಚಿಂಚೂ ಬಲಗಣ್ಣಿನಿಂದ ಸವರಿಕೊಂಡು ಹೋದರು.

"ಕಾಣ್ತಿದೆ" ಎಂದರು. "ಕೊಕ್ಕು ಕಾಣ್ತಿದೆ. ರೆಕ್ಕೆಲಿ ನೂಲು ತಿರುಗಿಸಿದ್ದು ಕಾಣ್ತಿದೆ. ಈ ಕಾಲು ಸ್ವಲ್ಪ ಸೊಟ್ಟ ಆಗಿದೆ ನೋಡು, ಆವತ್ತು ನಂಗೆ ನೆಗಡಿ." ನಕ್ಕರು. ಆಮೇಲೆ ಕುತ್ತಿಗೆಗೆ ಬಂದಾಗ ನಗು ನಿಂತಿತು. "ಕುತ್ತಿಗೆ ಮಾತ್ರ ಹೋಗಿದೆ. ಕೆಸರು ನೀರಿನ ಬಣ್ಣ."

"ಇಲ್ಲ ದೊಡ್ಡತ್ತೆ, ನೀಲಿ ಇದೆ" ಎಂದೆ.

"ನನ್ನ ಸಮಾಧಾನಕ್ಕೆ ಹೇಳ್ಬೇಡ. ನೀವಿಬ್ಬರೂ ಬೀರಿಗೂ ಹೌದು ಅಂದವರು."

ದೊಡ್ಡತ್ತೆ ಕೈಚೀಲದಿಂದ ತಗಡಿನ ಡಬ್ಬಿ ತೆಗೆದರು. ಒಳಗೆ ಕಪ್ಪು ಕಾಗದದ ಒಂದು ಪೊಟ್ಟಣ. ಬಿಚ್ಚಿದರೆ ಬೆರಳುದ್ದದ ಒಂದು ನೂಲಿನ ಲಡಿ, ನೀಲಿ. "ಈ ಕುತ್ತಿಗೆಯಲ್ಲಿ ಉಳಿದ ನೂಲು ಇದು. ಮೂವತ್ತೆಂಟು ವರ್ಷ ಬೆಳಕು ತೋರಿಸಿಲ್ಲ. ಇದನ್ನ ಪಕ್ಕದಲ್ಲಿ ಹಿಡಿದ್ರೆ ಎಷ್ಟು ಮಾಸಿದೆ ಅಂತ ನಿಮಗೂ ಗೊತ್ತಾಗತ್ತೆ" ಎಂದು ಲಡಿಯನ್ನು ಹಕ್ಕಿಯ ಕುತ್ತಿಗೆಯ ಪಕ್ಕದಲ್ಲಿ ಹಿಡಿದರು.

ಹಿಡಿದವರು ಹಾಗೇ ಕೂತರು. ನೂಲನ್ನು ನೋಡಿದರು, ಹಕ್ಕಿಯನ್ನು ನೋಡಿದರು. ಮತ್ತೆ ನೂಲನ್ನು ನೋಡಿದರು.

"ಪುಟ್ಟಿ, ಇದೂ ಕೆಸರಿನ ಬಣ್ಣವೇ ಕಾಣ್ತಿದೆ."

"ಅಕ್ಕ, ಎರಡೂ ಒಂದೇ ನೀಲಿ. ನನ್ನಾಣೆ."

"ಹೌದು. ಎರಡೂ ಒಂದೇ." ದೊಡ್ಡತ್ತೆಯ ದನಿ ಸಣ್ಣದಾಯಿತು. "ಕಾಗದದೊಳಗಿದ್ದ ನೂಲು ಮಾಸೋಕೆ ಸಾಧ್ಯ ಇಲ್ಲ. ಹಾಗಾದ್ರೆ ಹಕ್ಕಿ ಮಾಸಿಲ್ಲ. ಕೆಸರು ಇರೋದು ನನ್ನ ಕಣ್ಣಲ್ಲಿ."

"ಪೊರೆ ಬಂದ್ರೆ ನೀಲಿಯೇ ಮೊದಲು ಹೋಗೋದಂತೆ" ಎಂದರು ಮೇಡಂ ಮೆಲ್ಲಗೆ. "ನಮ್ಮಜ್ಜಿಗೂ ಹಾಗೇ ಆಗಿತ್ತು. ತೆಗೆಸಿದ ಮೇಲೆ ಆಕಾಶ ನೋಡಿ ಅತ್ತಿದ್ರು."

"ಇದನ್ನ ಯಾರು ಕಾಪಾಡಿದ್ದು ಇಷ್ಟು ವರ್ಷ? ನನ್ನ ಡಬ್ಬಿಯೊಳಗಿದ್ದ ಹಾಗೇ ಇದೆಯಲ್ಲ" ಎಂದರು ದೊಡ್ಡತ್ತೆ.

ನಮ್ಮತ್ತೆ ತಮ್ಮ ಪುಟ್ಟ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತಿದ್ದರು. ನಾನೇ ಆ ಕೈಯನ್ನು ಹಿಡಿದು ಮುಂದೆ ತಂದು ದೊಡ್ಡತ್ತೆಯ ಕೈಯಲ್ಲಿಟ್ಟೆ. ಅಕ್ಕ ತಂಗಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಸವರಿದರು. ಇಬ್ಬರೂ ಅಳುತ್ತಿದ್ದರು, ನಾನೂ. ಮೇಡಂ ಬಿಳಿ ಹಲಗೆಯ ಹಿಂದೆ ಮುಖ ಮರೆಸಿಕೊಂಡರು.

ಸ್ವಲ್ಪ ಹೊತ್ತಿನ ಮೇಲೆ ದೊಡ್ಡತ್ತೆ ಮೂಗು ಒರೆಸಿಕೊಂಡು ಕೇಳಿದರು: "ಎಷ್ಟು ಹೊತ್ತಾಯ್ತು?"

"ನಲವತ್ತು ನಿಮಿಷ" ಎಂದರು ಮೇಡಂ. "ಇನ್ನೂ ಇಪ್ಪತ್ತು ಇದೆ. ನಿಧಾನವಾಗಿ ನೋಡಿ."

"ಬೇಡ. ಕದ ಹಾಕು ಪುಟ್ಟಿ."

"ಅಯ್ಯೋ, ಯಾಕಕ್ಕ?"

"ಆ ಇಪ್ಪತ್ತು ನಿಮಿಷ ಹಾಗೇ ಇಟ್ಟಿರು. ಗುರುವಾರ ಆಪರೇಷನ್ ಆಗ್ಲಿ. ಪಟ್ಟಿ ಬಿಚ್ಚಿದ ಮೇಲೆ ಬರ್ತೀನಿ. ಈ ನೀಲಿನ ನೀಲಿಯಾಗೇ ನೋಡ್ಬೇಕು ನಾನು."

ನಮ್ಮತ್ತೆ ಕದಗಳನ್ನು ಒಂದೊಂದಾಗಿ ಮುಚ್ಚಿದರು. ನೂಲಿನ ಲಡಿ ಕಪ್ಪು ಕಾಗದಕ್ಕೆ ಹೋಯಿತು, ಕಾಗದ ಡಬ್ಬಿಗೆ ಹೋಯಿತು. ಬಾಗಿಲ ಬಳಿಯ ಮೇಜಿನ ಮೇಲಿದ್ದ ಕಿಟಕಿ ಪುಸ್ತಕವನ್ನು ತೆರೆದು ಅತ್ತೆ ಬರೆದರು: ಸೋಮವಾರ, ಹಕ್ಕಿ ಕೋಣೆ, ಮೂರೂ ಕಿಟಕಿ ಪೂರ್ತಿ, ನಲವತ್ತು ನಿಮಿಷ. ಬರೆದು, ಪೆನ್ನು ಹಿಡಿದುಕೊಂಡೇ ಸ್ವಲ್ಪ ಯೋಚಿಸಿ, ಮೇಡಂ ಮುಖ ನೋಡಿದರು. ಮೇಡಂ ತಲೆಯಾಡಿಸಿದರು. ಅತ್ತೆ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಇಪ್ಪತ್ತು ನಿಮಿಷ ಬಾಕಿ, ಅಕ್ಕ ಬಂದು ನೋಡುತ್ತಾಳೆ.